ಕಡಲಿನ ಬಣ್ಣ ಓದಲು ದಡದ ಲೆಕ್ಕವೂ ಬೇಕು

ಭಟ್ಕಳದಿಂದ ಕುಮಟಾವರೆಗಿನ ಕಡಲಿನ ಬಣ್ಣ ಯಾವುದು ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರಿಸುವುದು ಕಷ್ಟ. ಜನವರಿಯ ಒಂದು ಬೆಳಿಗ್ಗೆ ಮುರುಡೇಶ್ವರದಿಂದ ದೋಣಿಯೇರಿ ಸುಮಾರು 20 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ಹೊರಟರೆ, ದಡದ ಮಬ್ಬು ಹಸಿರು ಕ್ರಮೇಣ ತಿಳಿಯಾಗುತ್ತ ಹೋಗಿ, ದ್ವೀಪದ ಬುಡದಲ್ಲಿ ಹವಳದ ದಿಬ್ಬಗಳನ್ನು ತೋರಿಸುವ ನೀಲಿಯಾಗುತ್ತದೆ. ಜುಲೈ ತಿಂಗಳಲ್ಲಿ ಹೊನ್ನಾವರದ ಬಳಿ ಶರಾವತಿಯನ್ನು ದಾಟುವ ಕೊಂಕಣ ರೈಲಿನ ಕಿಟಕಿಯಿಂದ ನೋಡಿದರೆ, ಎರಡು ಕಿಲೋಮೀಟರಿಗೂ ಉದ್ದದ ಆ ಸೇತುವೆಯ ಕೆಳಗೆ ಹರಿಯುವುದು ಜಂಬಿಟ್ಟಿಗೆಯ ಮಣ್ಣು ಕಲಸಿದ ನೀರು. ಅಕ್ಟೋಬರಿನಲ್ಲಿ ಅದೇ ಅಳಿವೆಯಿಂದ ಆಚೆಗೆ ಹಸಿರು ಪಟ್ಟಿಗಳು ಮೂಡುತ್ತವೆ. ಚಿತ್ರ ಬಿಡಿಸುವ ಮಕ್ಕಳು ಮಾತ್ರ ಕಡಲಿಗೆ ಎಂದಿಗೂ ನೀಲಿಯನ್ನೇ ಬಳಿಯುತ್ತಾರೆ.

ಇದು ಕೇವಲ ಕಣ್ಣಿಗೆ ಹಿತವಾದ ವೈವಿಧ್ಯವಲ್ಲ. ನೀರಿನ ಬಣ್ಣದಲ್ಲಿ ಮಾಹಿತಿ ಅಡಗಿದೆ: ಮೀನಿಗೆ ಆಹಾರ ಎಷ್ಟಿದೆ, ನದಿ ಎಷ್ಟು ಮಣ್ಣು ತಂದಿದೆ, ಸಿಹಿನೀರು ಎಲ್ಲಿಯವರೆಗೆ ಹರಡಿದೆ ಎಂಬ ಮಾಹಿತಿ. ಅದನ್ನು ಬಾಹ್ಯಾಕಾಶದಿಂದ ಓದುವ ಕೆಲಸವನ್ನು ಭಾರತ ತನ್ನದೇ ಉಪಗ್ರಹದಿಂದ 1999ರಲ್ಲೇ ಆರಂಭಿಸಿತು. ಆದರೆ ಓದಲು ಬಳಸುವ ಗಣಿತ ಸೂತ್ರಗಳ ಬಹುಪಾಲು ಆಳವಾದ, ತಿಳಿಯಾದ ಸಾಗರಗಳಿಗಾಗಿ ಹುಟ್ಟಿದವು. ಮೂರು ತಾಲ್ಲೂಕುಗಳ ಈ ಚಿಕ್ಕ ಕರಾವಳಿಯಂಥ ಜಾಗದಲ್ಲಿ, ಅಂದರೆ ಹೊಳೆಗಳು ಕಡಲನ್ನು ಸೇರುವ ಕಡೆಯಲ್ಲಿ, ಅವು ಎಡವುತ್ತವೆ. ಎಡವದಂತೆ ಮಾಡುವ ಉಪಾಯ ಆಕಾಶದಲ್ಲಿಲ್ಲ, ದಡದಲ್ಲಿದೆ ಎಂಬುದು ನನ್ನ ವಾದ.

ಮೊದಲಿಗೆ ಕಡಲಿನ ನೀಲಿಯ ಕಥೆಯನ್ನೇ ನೋಡೋಣ. ಅದರಲ್ಲಿ ಬೆಂಗಳೂರಿಗೆ ಬೇಕಾದವರೊಬ್ಬರ ಪಾತ್ರವಿದೆ. ಕಡಲು ನೀಲಿಯಾಗಿ ಕಾಣುವುದು ಆಕಾಶದ ನೀಲಿ ಅದರಲ್ಲಿ ಪ್ರತಿಫಲಿಸುವುದರಿಂದ ಎಂದು ಇಂಗ್ಲೆಂಡಿನ ಲಾರ್ಡ್ ರ್‍ಯಾಲಿ ಹೇಳಿದ್ದರು. 1921ರಲ್ಲಿ ಇಂಗ್ಲೆಂಡಿಗೆ ಹೋಗಿದ್ದ ಸಿ.ವಿ. ರಾಮನ್ 'ನರ್ಕುಂಡ' ಎಂಬ ಹಡಗಿನಲ್ಲಿ ಭಾರತಕ್ಕೆ ಮರಳುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿಯನ್ನು ಕಂಡು ಈ ವಿವರಣೆಯನ್ನು ಸಂಶಯಿಸಿದರು. ಅವರ ಬಳಿ ಇದ್ದದ್ದು ಒಂದು ನಿಕಾಲ್ ಪಟ್ಟಕ. ಅದನ್ನು ತಕ್ಕ ಕೋನದಲ್ಲಿ ಹಿಡಿದರೆ ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕು ಅಡಗಿಹೋಗುತ್ತದೆ. ಆಕಾಶದ ಬಿಂಬವನ್ನು ಹೀಗೆ ಅಳಿಸಿದ ಮೇಲೂ ನೀಲಿ ಉಳಿಯಿತು, ಇನ್ನಷ್ಟು ಗಾಢವಾಯಿತು. ಬಣ್ಣ ನೀರಿನ ಒಳಗಿನಿಂದಲೇ ಬರುತ್ತಿದೆ ಎಂದಾಯಿತು. ಹಡಗು ಮುಂಬೈ ಬಂದರು ತಲುಪಿದಾಗ ಈ ಕುರಿತು ಅವರು 'ನೇಚರ್' ಪತ್ರಿಕೆಗೆ ಬರೆದರು. ನೀರಿನ ಅಣುಗಳು ಬೆಳಕನ್ನು ಹೇಗೆ ಚದುರಿಸುತ್ತವೆ ಎಂಬ ಈ ಜಿಜ್ಞಾಸೆಯೇ ಮುಂದೆ 1928ರ ರಾಮನ್ ಪರಿಣಾಮಕ್ಕೆ, 1930ರ ನೊಬೆಲ್ ಪುರಸ್ಕಾರಕ್ಕೆ ದಾರಿ ಮಾಡಿತು.

ರಾಮನ್ ಒತ್ತು ಕೊಟ್ಟದ್ದು ಚದುರಿಕೆಗೆ. ಕೆಂಪು ಬೆಳಕನ್ನು ನೀರು ತಾನೇ ನುಂಗಿಹಾಕುವುದು ಅಷ್ಟೇ ದೊಡ್ಡ ಕಾರಣ ಎಂಬುದನ್ನು ನಂತರದ ಸೂಕ್ಷ್ಮ ಅಳತೆಗಳು ಸ್ಪಷ್ಟಪಡಿಸಿದವು. ಶುದ್ಧ ನೀರಿನಲ್ಲಿ 700 ನ್ಯಾನೊಮೀಟರ್ ತರಂಗಾಂತರದ ಕಡುಗೆಂಪು ಬೆಳಕು ಸುಮಾರು ಒಂದು ಮೀಟರ್ ಸಾಗುವಷ್ಟರಲ್ಲಿ ಅರ್ಧಕ್ಕಿಳಿಯುತ್ತದೆ. 440 ನ್ಯಾನೊಮೀಟರಿನ ನೀಲಿ ಬೆಳಕನ್ನು ನೀರು ಹೀರುವುದು ಎಷ್ಟು ಕಡಿಮೆಯೆಂದರೆ, ಅದೊಂದೇ ಕಾರಣದಿಂದ ಅದು ಅರ್ಧವಾಗಲು ನೂರು ಮೀಟರಿಗೂ ಹೆಚ್ಚು ಸಾಗಬೇಕು. ಕೆಂಪು ಮೊದಲು ಕರಗಿಹೋಗುತ್ತದೆ. ಉಳಿದ ನೀಲಿ ಚದುರಿ, ಅದರ ಒಂದು ಪಾಲು ಮೇಲಕ್ಕೆ ಮರಳಿ ನಮ್ಮ ಕಣ್ಣು ಸೇರುತ್ತದೆ. ಹೀರಿಕೆ ಮತ್ತು ಚದುರಿಕೆ: ಕಡಲಿನ ಬಣ್ಣದ ಸಮಸ್ತ ಗಣಿತವೂ ಈ ಎರಡು ಪದಗಳ ಮೇಲೆ ನಿಂತಿದೆ.

ಆ ಗಣಿತಕ್ಕೂ ಅದೇ ಮನೆತನದ ಕೊಡುಗೆಯಿದೆ. ರಾಮನ್ ಅವರ ಅಣ್ಣನ ಮಗ ಎಸ್. ಚಂದ್ರಶೇಖರ್ ನಕ್ಷತ್ರಗಳ ವಾತಾವರಣದಲ್ಲಿ ಬೆಳಕು ಹೇಗೆ ಹೀರಲ್ಪಡುತ್ತ, ಚದುರುತ್ತ ಸಾಗುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿದಿಟ್ಟು 1950ರಲ್ಲಿ 'ರೇಡಿಯೇಟಿವ್ ಟ್ರಾನ್ಸ್‌ಫರ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಬೆಳಕು ನಕ್ಷತ್ರದ ಅನಿಲದೊಳಗೆ ಸಾಗಲಿ, ಅರಬ್ಬೀ ಸಮುದ್ರದ ನೀರಿನೊಳಗೆ ಸಾಗಲಿ, ಲೆಕ್ಕದ ಸ್ವರೂಪ ಒಂದೇ. ಚಿಕ್ಕಪ್ಪ ಹಡಗಿನ ಮೇಲೆ ನಿಂತು ಕೇಳಿದ ಪ್ರಶ್ನೆಗೆ ವಿವರವಾದ ಉತ್ತರ ಕಂಡುಕೊಳ್ಳಲು ಇಂದಿನ ಸಾಗರ ವಿಜ್ಞಾನಿಗಳು ಬಳಸುವುದು ಮಗ ಬೆಳೆಸಿದ ಅದೇ ಬಗೆಯ ಗಣಿತವನ್ನು.

ಕಂಪ್ಯೂಟರಿನಲ್ಲಿ ಇದನ್ನು ಇನ್ನೊಂದು ರೀತಿಯಲ್ಲೂ ಮಾಡಬಹುದು. ಸೂರ್ಯನಿಂದ ಬಂದ ಬೆಳಕಿನ ಒಂದೊಂದು ಕಣವನ್ನೂ ಪಗಡೆಯ ದಾಳದಂತೆ ಉರುಳಿಸುವುದು. ಇಷ್ಟು ದೂರ ಸಾಗಿದ ಮೇಲೆ ಅದು ಹೀರಲ್ಪಟ್ಟಿತೇ, ಚದುರಿತೇ? ಚದುರಿದರೆ ಯಾವ ದಿಕ್ಕಿಗೆ? ಹೀಗೆ ಲಕ್ಷಾಂತರ ಕಣಗಳ ಹಣೆಬರಹವನ್ನು ಬರೆದು, ಕೊನೆಗೆ ಎಷ್ಟು ಕಣಗಳು ನೀರಿನಿಂದ ಹೊರಬಂದವು ಎಂದು ಎಣಿಸಿದರೆ ಆ ನೀರಿನ ಬಣ್ಣ ದೊರೆಯುತ್ತದೆ.

ಆದರೆ ಕಡಲೆಂದರೆ ಬರೀ ನೀರಲ್ಲ. ಮಾದರಿ ರಚಿಸುವವರು ಅದರಲ್ಲಿ ನಾಲ್ಕು ಪಾತ್ರಧಾರಿಗಳನ್ನು ಗುರುತಿಸುತ್ತಾರೆ. ಮೊದಲನೆಯದು ನೀರು. ಎರಡನೆಯದು ಸಸ್ಯಪ್ಲವಕ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ತೇಲುವ ಪಾಚಿ. ಅದರಲ್ಲಿನ ಕ್ಲೋರೊಫಿಲ್ ನೀಲಿಯನ್ನೂ ಕೆಂಪನ್ನೂ ಹೀರಿ ಹಸಿರನ್ನು ಬಿಟ್ಟುಕೊಡುತ್ತದೆ. ತಾರ್ಲೆ, ಬಂಗಡೆಗಳ ಹೊಟ್ಟೆಪಾಡು ಈ ಪ್ಲವಕದಿಂದ ಆರಂಭವಾಗುವ ಆಹಾರ ಸರಪಳಿಯ ಮೇಲೆ ನಿಂತಿದೆ. ಮೂರನೆಯದು ಮಣ್ಣು, ರೇವೆ. ಅದು ಎಲ್ಲ ಬಣ್ಣಗಳನ್ನೂ ಧಾರಾಳವಾಗಿ ಚದುರಿಸಿ ನೀರನ್ನು ಬೆಳ್ಳಗೆ, ಕಂದಾಗಿ ಮಾಡುತ್ತದೆ. ನಾಲ್ಕನೆಯದು ಕೊಳೆತ ಎಲೆ, ಬೇರು, ಕಾಂಡಲ ವನಗಳಿಂದ ಬಸಿದು ಬಂದ ಹಳದಿ ದ್ರಾವಣ. ಚಹಾ ಸೊಪ್ಪಿನಿಂದ ಬಣ್ಣ ಬಿಡುವಂತೆಯೇ ಕಾಡಿನ ತರಗೆಲೆಯಿಂದ ಬಣ್ಣ ಬಿಡುತ್ತದೆ. ಅದು ಬೆಳಕನ್ನು ಚದುರಿಸುವುದೇ ಇಲ್ಲವೆನ್ನಬಹುದು. ನೀಲಿಯನ್ನು ಮಾತ್ರ ಬಲವಾಗಿ ಹೀರುತ್ತದೆ.

ಈ ನಾಲ್ವರೂ ಹೀರುವ ಬೆಳಕನ್ನು ಒಟ್ಟು ಕೂಡಬೇಕು. ಹಿಂದಕ್ಕೆ, ಅಂದರೆ ಮೇಲ್ಮುಖವಾಗಿ ಚದುರಿಸುವುದನ್ನೂ ಕೂಡಬೇಕು. ಹಿಂಚದುರಿಕೆಯನ್ನು, ಹೀರಿಕೆ ಮತ್ತು ಹಿಂಚದುರಿಕೆಗಳ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಅನುಗುಣವಾಗಿ ಆ ತರಂಗಾಂತರದಲ್ಲಿ ಕಡಲು ಬೆಳಗುತ್ತದೆ. ಇದಿಷ್ಟೇ ಮೂಲ ಸೂತ್ರ. ಪಿಯುಸಿ ವಿದ್ಯಾರ್ಥಿಯೂ ಅರ್ಥಮಾಡಿಕೊಳ್ಳಬಲ್ಲ. ನೀರಿನಲ್ಲಿ ಏನೇನಿದೆ ಎಂದು ತಿಳಿದಿದ್ದರೆ ಬಣ್ಣವನ್ನು ಹೇಳುವುದು ಸುಲಭ. ಉಪಗ್ರಹದ ಕೆಲಸ ಇದರ ತಿರುವುಮುರುವು. ಅದಕ್ಕೆ ಸಿಗುವುದು ಬಣ್ಣ ಮಾತ್ರ. ಅದರಿಂದ ನೀರಿನಲ್ಲಿ ಏನಿದೆ ಎಂದು ಊಹಿಸಬೇಕು. ಬಡಿಸಿದ ಸಾರಿನ ರುಚಿ ನೋಡಿ ಪುಡಿಗೆ ಎಷ್ಟು ಮೆಣಸು, ಎಷ್ಟು ಕೊತ್ತಂಬರಿ, ಎಷ್ಟು ಮೆಂತ್ಯ ಬಿದ್ದಿದೆ ಎಂದು ಹೇಳಿದ ಹಾಗೆ. ಎರಡು ಬೇರೆ ಬೇರೆ ಅಳತೆಯ ಪುಡಿಗಳು ಒಂದೇ ರುಚಿ ಕೊಡುವುದೂ ಉಂಟು. ಇಲ್ಲಿಯ ಕಷ್ಟವೆಲ್ಲ ಅದೇ.

ಕಡಲಿನ ಬಣ್ಣಕ್ಕೆಂದೇ ರೂಪಿಸಿದ ಮೊದಲ ಉಪಕರಣವನ್ನು ಅಮೆರಿಕದ ನಾಸಾ 1978ರಲ್ಲಿ ನಿಂಬಸ್-7 ಉಪಗ್ರಹದಲ್ಲಿ ಕಳುಹಿಸಿತು. ಅದು 1986ರವರೆಗೆ ಕೆಲಸ ಮಾಡಿತು. ಭಾರತದ ಇಸ್ರೊ 1999ರ ಮೇ 26ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ2 ರಾಕೆಟ್ಟಿನಲ್ಲಿ ಓಷನ್‌ಸ್ಯಾಟ್-1 ಉಪಗ್ರಹವನ್ನು ಹಾರಿಸಿತು. ಅದರಲ್ಲಿದ್ದ 'ಓಷನ್ ಕಲರ್ ಮಾನಿಟರ್' ಎಂಟು ಬಣ್ಣದ ಪಟ್ಟಿಗಳಲ್ಲಿ ನೋಡುತ್ತಿತ್ತು. ನೇರಳೆಯ ಅಂಚಿನ 412 ನ್ಯಾನೊಮೀಟರಿನಿಂದ ಕಣ್ಣಿಗೆ ಕಾಣದ ಅವಕೆಂಪಿನ 865ರವರೆಗೆ. ಎರಡು ದಿನಗಳಿಗೊಮ್ಮೆ ಅದು ನಮ್ಮ ಕಡಲನ್ನು ಸುತ್ತಿ ನೋಡುತ್ತಿತ್ತು. ಅದೇ ಕಾಲದ ಅಮೆರಿಕದ ಸೀವಿಫ್ಸ್ ಉಪಕರಣ ಸುಮಾರು 1.1 ಕಿಲೋಮೀಟರಿಗೆ ಒಂದು ಚುಕ್ಕಿಯಂತೆ ನೋಡಿದರೆ, ನಮ್ಮದು ಸುಮಾರು 360 ಮೀಟರಿಗೆ ಒಂದು ಚುಕ್ಕಿಯಂತೆ ನೋಡಿತು. ಕರಾವಳಿಯ ಮಟ್ಟಿಗೆ ಇದು ಸಣ್ಣ ಸಾಧನೆಯಲ್ಲ. 2009ರಲ್ಲಿ ಓಷನ್‌ಸ್ಯಾಟ್-2 ಬಂತು. 2022ರ ನವೆಂಬರ್ 26ರಂದು ಹಾರಿದ ಓಷನ್‌ಸ್ಯಾಟ್-3 ಹದಿಮೂರು ಪಟ್ಟಿಗಳಲ್ಲಿ ನೋಡುತ್ತದೆ.

ಉಪಗ್ರಹಕ್ಕೆ ಎದುರಾಗುವ ಮೊದಲ ತೊಡಕು ಗಾಳಿ. ಕಡಲಿನ ಮೇಲಿಂದ ಉಪಗ್ರಹ ತಲುಪುವ ಬೆಳಕಿನಲ್ಲಿ ಸಾಮಾನ್ಯವಾಗಿ ಹತ್ತರಲ್ಲಿ ಒಂಬತ್ತು ಪಾಲು ವಾತಾವರಣದಿಂದಲೇ ಚದುರಿ ಬಂದದ್ದು. ನೀರಿನಿಂದ ಬಂದದ್ದು ಉಳಿದ ಒಂದು ಪಾಲು. ಮೊದಲು ಆ ಒಂಬತ್ತನ್ನು ಕಳೆಯಬೇಕು. ಇದಕ್ಕೆ ವಿಜ್ಞಾನಿಗಳು ಒಂದು ಜಾಣ ಉಪಾಯ ಕಂಡುಕೊಂಡರು. ಅವಕೆಂಪಿನಲ್ಲಿ ನೀರು ಬಹುತೇಕ ಎಲ್ಲ ಬೆಳಕನ್ನೂ ಹೀರುವುದರಿಂದ ಅಲ್ಲಿ ಕಡಲು ಕಪ್ಪಾಗಿ ಕಾಣಬೇಕು. ಕಪ್ಪಾಗಿ ಕಾಣದಿದ್ದರೆ ಅಲ್ಲಿರುವ ಬೆಳಕೆಲ್ಲ ಗಾಳಿಯದೇ. ಅದರಿಂದ ಗಾಳಿಯ ಪಾಲನ್ನು ಅಂದಾಜು ಮಾಡಿ ಉಳಿದ ಬಣ್ಣಗಳಿಂದಲೂ ಕಳೆದರಾಯಿತು. ಆಮೇಲೆ ನೀಲಿ ಮತ್ತು ಹಸಿರು ಪಟ್ಟಿಗಳ ಅನುಪಾತ ನೋಡಬೇಕು. ಹಸಿರು ಹೆಚ್ಚಿ ನೀಲಿ ಕುಗ್ಗಿದ್ದರೆ ಕ್ಲೋರೊಫಿಲ್ ಹೆಚ್ಚಿದೆ ಎಂದರ್ಥ. ನಡುಸಾಗರದಲ್ಲಿ ಈ ಲೆಕ್ಕ ಚೆನ್ನಾಗಿ ನಡೆಯುತ್ತದೆ.

ಅಳಿವೆಯ ಬಳಿ ಬಂದೊಡನೆ ಇದರ ಎರಡೂ ಕಾಲುಗಳು ಕುಸಿಯುತ್ತವೆ. ಶರಾವತಿ, ಅಘನಾಶಿನಿ, ಭಟ್ಕಳ ತಾಲ್ಲೂಕಿನ ವೆಂಕಟಾಪುರ ಹೊಳೆ, ಇವು ಪಶ್ಚಿಮ ಘಟ್ಟದ ಕಾಡನ್ನೂ ಜಂಬಿಟ್ಟಿಗೆಯ ಗುಡ್ಡಗಳನ್ನೂ ತೊಳೆದುಕೊಂಡು ಬರುತ್ತವೆ. ಮಣ್ಣು ತುಂಬಿದ ನೀರು ಅವಕೆಂಪಿನಲ್ಲಿ ಕಪ್ಪಾಗಿರುವುದಿಲ್ಲ, ಹೊಳೆಯುತ್ತದೆ. ಸೂತ್ರ ಆ ಹೊಳಪನ್ನೂ ಗಾಳಿಯ ಲೆಕ್ಕಕ್ಕೆ ಬರೆದು, ಇರಬೇಕಾದದ್ದಕ್ಕಿಂತ ಹೆಚ್ಚು ಕಳೆದುಬಿಡುತ್ತದೆ. ಕೆಲವೊಮ್ಮೆ ನೀರಿನಿಂದ ಬಂದ ನೀಲಿ ಬೆಳಕು ಸೊನ್ನೆಗಿಂತಲೂ ಕಡಿಮೆ ಎಂಬ ಉತ್ತರ ಬರುತ್ತದೆ. ಸೊನ್ನೆಗಿಂತ ಕಡಿಮೆ ಬೆಳಕು ಜಗತ್ತಿನಲ್ಲಿ ಎಲ್ಲೂ ಇಲ್ಲ. ಸೋತ ಸೂತ್ರದಲ್ಲಿ ಮಾತ್ರ ಇದೆ. ಎರಡನೆಯ ಸೋಲು ಇನ್ನೂ ಸೂಕ್ಷ್ಮವಾದದ್ದು. ಕಾಡಿನ ಹಳದಿ ದ್ರಾವಣವೂ ನೀಲಿಯನ್ನು ಹೀರುವುದರಿಂದ, ಅನುಪಾತದ ಸೂತ್ರಕ್ಕೆ ತರಗೆಲೆಯ ಕಷಾಯವೂ ಪಾಚಿಯ ಹಾಗೆಯೇ ಕಾಣುತ್ತದೆ. ಪರದೆಯ ಮೇಲೆ ಅಳಿವೆ ಕೆಂಪು ಬಣ್ಣದಲ್ಲಿ ಬೆಳಗಿ 'ಇಲ್ಲಿ ಕ್ಲೋರೊಫಿಲ್ ವಿಪುಲ' ಎನ್ನುತ್ತದೆ. ನಿಜದಲ್ಲಿ ಅಲ್ಲಿ ಇರುವುದು ಘಟ್ಟದ ಕೆಸರು.

ಫ್ರಾನ್ಸಿನ ಆಂದ್ರೆ ಮೊರೆಲ್ ಮತ್ತು ಲೂಯಿ ಪ್ರಿಯೂರ್ 1977ರಲ್ಲೇ ಕಡಲಿನ ನೀರನ್ನು ಎರಡು ವರ್ಗಗಳಾಗಿ ವಿಂಗಡಿಸಿದ್ದರು. ಪ್ಲವಕವೇ ಬಣ್ಣವನ್ನು ನಿರ್ಧರಿಸುವ ತೆರೆದ ಸಾಗರ ಒಂದು. ಮಣ್ಣು, ಹಳದಿ ದ್ರಾವಣಗಳು ತಮ್ಮಷ್ಟಕ್ಕೆ ತಾವು ಏರಿಳಿಯುವ ತೀರದ ನೀರು ಇನ್ನೊಂದು. ಎರಡನೆಯ ವರ್ಗಕ್ಕೆ ಜಗತ್ತಿಗೆಲ್ಲ ಹೊಂದುವ ಒಂದೇ ಸೂತ್ರವಿಲ್ಲ. ಪ್ರತಿ ತೀರದ ಮಣ್ಣಿನ ಗುಣ, ಎಲೆಯ ಗುಣ, ಪಾಚಿಯ ಜಾತಿ ಬೇರೆ. ಸೂತ್ರದಲ್ಲಿನ ಗುಣಾಂಕಗಳನ್ನು ಆಯಾ ತೀರದ ನೀರಿನಲ್ಲೇ ಅಳೆದು ತುಂಬಬೇಕು. ಲಕ್ಷದ್ವೀಪದ ಕವರತ್ತಿಯ ಬಳಿ ಇಸ್ರೊ ತನ್ನ ಉಪಗ್ರಹಗಳ ಅಳತೆಯನ್ನು ತಾಳೆ ನೋಡಲು ತೇಲು ಉಪಕರಣವೊಂದನ್ನು ನೆಲೆಗೊಳಿಸಿತು. ಅಲ್ಲಿಯ ನೀರು ತಿಳಿನೀಲಿ. ಉಪಕರಣವನ್ನು ಒರೆಗೆ ಹಚ್ಚಲು ಅದೇ ಸರಿ. ಆದರೆ ಕವರತ್ತಿಯಲ್ಲಿ ತಾಳೆಯಾದ ಮಾತ್ರಕ್ಕೆ ಹೊನ್ನಾವರದ ಕೆಸರಿನಲ್ಲೂ ತಾಳೆಯಾಗಬೇಕೆಂದೇನೂ ಇಲ್ಲ.

ಮೂರನೆಯ ತೊಡಕು ಮುಂಗಾರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲಕ್ಕೆ ಬರುತ್ತದೆ. ವರ್ಷವಿಡೀ ಮೀನಿನ ಸಮೃದ್ಧಿಗೆ ಅಡಿಪಾಯ ಬೀಳುವುದು ಆಗಲೇ. ಕಡಲು ಅತ್ಯಂತ ಜೀವಂತವಾಗಿರುವ ಆ ತಿಂಗಳುಗಳಲ್ಲಿ ಬಣ್ಣ ನೋಡುವ ಉಪಗ್ರಹ ಮೋಡದ ಆಚೆಗೆ ಕುರುಡು. ಮೋಡ ಹರಿದ ಒಂದೆರಡು ದಿನಗಳ ಚಿತ್ರಗಳಿಂದ ಇಡೀ ಋತುವನ್ನು ಊಹಿಸಬೇಕಾಗುತ್ತದೆ. ಸಂಕ ದಾಟುವಾಗ ಹೊಳೆಯನ್ನು ನೋಡುವ ಶಾಲೆಯ ಮಕ್ಕಳಿಗೆ ಆ ದಿನಗಳ ಬಣ್ಣದ ಬಗ್ಗೆ ಉಪಗ್ರಹಕ್ಕಿಂತ ಹೆಚ್ಚು ಗೊತ್ತಿರುತ್ತದೆ.

ಇಷ್ಟೆಲ್ಲ ಸೂಕ್ಷ್ಮವನ್ನು ಪತ್ರಿಕೆಯ ಓದುಗರ ಮುಂದೆ ಇಡಲು ಕಾರಣವಿದೆ. ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯ್ಸ್, ಕಡಲಿನ ಮೇಲ್ಮೈ ಉಷ್ಣತೆ ಮತ್ತು ಕ್ಲೋರೊಫಿಲ್ ಮಾಹಿತಿಯನ್ನು ಬಳಸಿ ಮೀನು ಸಿಗಬಹುದಾದ ಜಾಗಗಳ ಮುನ್ಸೂಚನೆಯನ್ನು ಮೀನುಗಾರರಿಗೆ ನೀಡುತ್ತದೆ. ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈ ಕಳೆದ ಮೇಲೆ ಕಡಲಿಗಿಳಿಯುವ ಬೋಟಿಗೆ ಡೀಸೆಲ್ಲೇ ದೊಡ್ಡ ಖರ್ಚು. ಎತ್ತ ಹೋಗಬೇಕೆಂಬ ಖಚಿತ ಸೂಚನೆ ಅದನ್ನು ಉಳಿಸುತ್ತದೆ. ಆಳ ಸಮುದ್ರಕ್ಕೆ ಹೋಗುವ ದೊಡ್ಡ ಬೋಟುಗಳಿಗೆ ಇದರ ಉಪಯೋಗ ಹೆಚ್ಚು. ಅಳಿವೆಯ ಆಸುಪಾಸಿನಲ್ಲೇ ಬಲೆ ಬೀಸುವ ನಾಡದೋಣಿಯವರಿರುವುದು ಸೂತ್ರ ಎಡವುವ ನೀರಿನಲ್ಲಿ. ವಿಜ್ಞಾನದ ಲಾಭ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಒದಗುತ್ತಿದೆ.

ಹಾಗೆಂದು ಅವರು ಬಣ್ಣ ಓದದವರಲ್ಲ. ಹಿಂದೆ ರಂಪಣಿ ಬಲೆಯ ಕಾಲದಲ್ಲಿ ಬಂಗಡೆಯ ಹಿಂಡನ್ನು ನೀರಿನ ಬಣ್ಣ, ಮೇಲ್ಮೈಯ ನಡುಕ, ಹಕ್ಕಿಗಳ ಹಾರಾಟಗಳಿಂದ ಗುರುತಿಸುವ ನುರಿತವರಿದ್ದರು. ಅವರ ಕಣ್ಣಿನ ಮೇಲೆ ನೂರಾರು ಜನರ ದಿನದ ದುಡಿಮೆ ನಿಂತಿರುತ್ತಿತ್ತು. ಕಾಸರಕೋಡಿನ ದಡದಲ್ಲಿ ಹಿರಿಯ ಮೀನುಗಾರರೊಬ್ಬರನ್ನು ನಾನು ಈ ಬಗ್ಗೆ ವಿಚಾರಿಸಿದಾಗ ಅವರು ಕೈ ನೀಡಿ ತೋರಿಸಿದ್ದು ಹೊಳೆಯ ನೀರೂ ಕಡಲ ನೀರೂ ಕೂಡುವ ಗೆರೆಯನ್ನು. "ಮಳೆ ಕಡಿಮೆ ಆದ್ಮೇಲೆ ಆ ಗಡಿ ಎಲ್ಲಿ ಬಂತು ಅಂತ ನೋಡೂದು ಮಾಸ್ತರ್ರೆ, ಅದರ ಮೇಲೆ ಬಲೆ ಹಾಕೂದು" ಎಂದರು. ಸಾಗರ ವಿಜ್ಞಾನಿಗಳು ಅದೇ ಗಡಿಗೆ 'ಫ್ರಂಟ್' ಎಂದು ಹೆಸರಿಟ್ಟು ಉಪಗ್ರಹದ ಚಿತ್ರದಲ್ಲಿ ಹುಡುಕುತ್ತಾರೆ. ಇಬ್ಬರೂ ನೋಡುತ್ತಿರುವುದು ಒಂದನ್ನೇ. ಇಬ್ಬರ ನೋಟಗಳನ್ನು ಒಂದೇ ಪುಸ್ತಕದಲ್ಲಿ ಬರೆದಿಡುವ ವ್ಯವಸ್ಥೆ ಮಾತ್ರ ಇಲ್ಲ.

ಮೀನುಗಾರಿಕೆಗಿಂತಲೂ ದೊಡ್ಡ ಕಾರಣ ಇನ್ನೊಂದಿದೆ. ಕೆಲವೇ ಕಿಲೋಮೀಟರ್ ಅಂತರದಲ್ಲಿ ಕಡಲು ಸೇರುವ ಶರಾವತಿ ಮತ್ತು ಅಘನಾಶಿನಿ ಒಂದು ಅಪರೂಪದ ಜೋಡಿ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಬಂತು, ಮುಂದೆ ಗೇರುಸೊಪ್ಪೆಯಲ್ಲೂ ಬಂತು. ಅಘನಾಶಿನಿ ಇಂದಿಗೂ ದೊಡ್ಡ ಅಣೆಕಟ್ಟಿಲ್ಲದೆ ಹರಿಯುವ ನದಿ. ವಿದ್ಯುತ್ ಉತ್ಪಾದಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಶರಾವತಿಯ ಕೆಳಹರಿವಿಗೆ ಬರುವುದರಿಂದ ಅದರ ಅಳಿವೆಯ ಉಪ್ಪು ಕುಗ್ಗಿ, ಬಳಚಿನಂಥ ಚಿಪ್ಪು ಜೀವಿಗಳು ಕ್ಷೀಣಿಸಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಇತ್ತ ಅಘನಾಶಿನಿಯ ಅಳಿವೆಯಲ್ಲಿ ಬಳಚು ಆರಿಸುವುದು ಸಾವಿರಾರು ಕುಟುಂಬಗಳ ಜೀವನೋಪಾಯ. ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತವೂ ಬೆಳೆಯುತ್ತದೆ. 4,801 ಹೆಕ್ಟೇರಿನ ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ಪ್ರದೇಶವೆಂದು ಮಾನ್ಯತೆ ಪಡೆಯಿತು.

ಇಲ್ಲಿ ಬಣ್ಣದ ಗಣಿತಕ್ಕೆ ನೇರವಾದ ಕೆಲಸವಿದೆ. ಉಪ್ಪಿಗೆ ಬಣ್ಣವಿಲ್ಲ, ಆದ್ದರಿಂದ ಬಣ್ಣ ನೋಡುವ ಉಪಗ್ರಹಕ್ಕೆ ಅದು ಕಾಣದು. ಆದರೆ ಕಾಡಿನ ಹಳದಿ ದ್ರಾವಣ ಬರುವುದು ಸಿಹಿನೀರಿನ ಜೊತೆಗೆ. ಕಡಲ ನೀರು ಬೆರೆತಂತೆ ಉಪ್ಪು ಏರುತ್ತದೆ, ಹಳದಿ ತೆಳುವಾಗುತ್ತದೆ. ಇವೆರಡರ ನಂಟನ್ನು ಒಂದು ಅಳಿವೆಯಲ್ಲಿ ಋತುವಾರು ಅಳೆದು ಸೂತ್ರಕ್ಕೆ ಸೇರಿಸಿದರೆ, ಹಳದಿಯನ್ನು ನೋಡಿ ಉಪ್ಪನ್ನು ಅಂದಾಜು ಮಾಡಬಹುದು. ಆಗ ನದಿ ಎಲ್ಲಿಯವರೆಗೆ ಕೈ ಚಾಚಿದೆ ಎಂಬ ನಕ್ಷೆ, ಮೋಡವಿಲ್ಲದ ದಿನಗಳ ಮಟ್ಟಿಗಾದರೂ, ಆಕಾಶದಿಂದಲೇ ದೊರೆಯುತ್ತದೆ. ಕಟ್ಟಿದ ನದಿ ಒಂದು, ಕಟ್ಟದ ನದಿ ಇನ್ನೊಂದು, ಎರಡಕ್ಕೂ ಒಂದೇ ಮಳೆ, ಒಂದೇ ಬಗೆಯ ಮಣ್ಣು. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ಸಿಗುವುದು ಕಷ್ಟ.

ಈ ನಕ್ಷೆ ಏಕೆ ಬೇಕು? ತಳಕಲಳೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ವಿವಾದಕ್ಕೀಡಾಗಿದೆ. ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಆಲೋಚನೆಗೆ 2019ರಲ್ಲಿ ಮಲೆನಾಡು ಬೀದಿಗಿಳಿದು ಪ್ರತಿಭಟಿಸಿತು. ಹೊನ್ನಾವರದ ಕಾಸರಕೋಡಿನಲ್ಲಿ ಬಂದರು ನಿರ್ಮಾಣದ ವಿರುದ್ಧ ಮೀನುಗಾರರು ಹೋರಾಡಿದ್ದಾರೆ. ಇವುಗಳ ಪರವೋ ವಿರೋಧವೋ ಇಲ್ಲಿ ತೀರ್ಪು ಹೇಳಲು ನಾನು ಹೊರಟಿಲ್ಲ. ಇಂಥ ಪ್ರತಿ ವಿವಾದದಲ್ಲೂ ಒಂದು ಪ್ರಶ್ನೆ ಬಂದೇ ಬರುತ್ತದೆ: ಅಳಿವೆ ಮೊದಲು ಹೇಗಿತ್ತು, ಈಗ ಏನು ಬದಲಾಯಿತು? ಹೂಳೆತ್ತುವ ಯಂತ್ರ ಎಬ್ಬಿಸಿದ ರಾಡಿ ಎಷ್ಟು, ಮಳೆಗಾಲದ ಸಹಜ ರಾಡಿ ಎಷ್ಟು? ಅಳತೆಯಿಲ್ಲದಿದ್ದರೆ ಒಬ್ಬರು ನೀರು ಕೆಟ್ಟಿತು ಎನ್ನುತ್ತಾರೆ, ಇನ್ನೊಬ್ಬರು ಮಳೆಗಾಲದಲ್ಲಿ ಯಾವಾಗಲೂ ಹೀಗೆಯೇ ಎನ್ನುತ್ತಾರೆ. ಗೆಲ್ಲುವುದು ಸತ್ಯವಲ್ಲ, ದನಿ.

ಅಳತೆಗೆ ಬೇಕಾದದ್ದು ದುಬಾರಿ ಸಲಕರಣೆಯೇ ಆಗಬೇಕಿಲ್ಲ. ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೊ ಸೆಕಿ 1865ರಲ್ಲಿ ಬಿಳಿಯ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಸಮುದ್ರಕ್ಕೆ ಇಳಿಸಿ, ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆ ಎಂದು ಅಳೆದರು. ಆ ಆಳವೇ ನೀರಿನ ತಿಳಿತನದ ಅಳತೆ. ಅಂದಿನಿಂದ ಅದೇ ತಟ್ಟೆ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಕೆನಡಾದ ವಿಜ್ಞಾನಿಗಳು ಜಗತ್ತಿನ ಸಸ್ಯಪ್ಲವಕ ಹೇಗೆ ಬದಲಾಗಿದೆ ಎಂದು 2010ರಲ್ಲಿ ಲೆಕ್ಕ ಹಾಕಿದಾಗ 1899ರಷ್ಟು ಹಳೆಯ ದಾಖಲೆಗಳನ್ನು ಬಳಸಿಕೊಂಡರು. ಅವುಗಳಲ್ಲಿ ತಟ್ಟೆಯ ಅಳತೆಗಳೂ ಸೇರಿದ್ದವು. ಅವರ ತೀರ್ಮಾನದ ಬಗ್ಗೆ ವಾದವಿವಾದ ನಡೆಯಿತು. ಆದರೆ ವಾದ ಮಾಡಲಾದರೂ ಕೈಯಲ್ಲಿ ಅಂಕಿಗಳಿದ್ದವು ಎಂಬುದು ಗಮನಾರ್ಹ. ನೆರೆಯ ಕೇರಳದ ವೆಂಬನಾಡು ಸರೋವರದಲ್ಲಿ ವಿಜ್ಞಾನಿಗಳು ಪುಟ್ಟ ಸೆಕಿ ತಟ್ಟೆಗಳನ್ನು ಸಾಮಾನ್ಯ ನಾಗರಿಕರ ಕೈಗೆ ಕೊಟ್ಟು ನೀರಿನ ತಿಳಿತನ, ಬಣ್ಣಗಳನ್ನು ದಾಖಲಿಸಿದರು. ಆ ಕೆಲಸದ ಹಿಂದೆ ಕಡಲಿನ ಬಣ್ಣದ ಗಣಿತ ಮಾದರಿಗಳಿಗೆ ಜಗತ್ತೇ ಮನ್ನಿಸುವ ಕೊಡುಗೆ ನೀಡಿದ ಶುಭಾ ಸತ್ಯೇಂದ್ರನಾಥ್ ಅವರಂಥವರಿದ್ದರು.

ಇದನ್ನು ಉತ್ತರ ಕನ್ನಡದಲ್ಲಿ ಮಾಡಲು ಏನು ಅಡ್ಡಿ? ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಊರುಗಳಲ್ಲಿ ಪದವಿ ಕಾಲೇಜುಗಳಿವೆ. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನದ ಸ್ನಾತಕೋತ್ತರ ಅಧ್ಯಯನ ವಿಭಾಗವಿದೆ, ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮಾಂಡೋವಿ, ಜುವಾರಿ ಅಳಿವೆಗಳಲ್ಲಿ ಬೆಳಕಿನ ಅಳತೆ ನಡೆಸಿದ ಅನುಭವವನ್ನು ಹೊಂದಿದೆ. ಪದವಿ ತರಗತಿಗೆ ಭೌತವಿಜ್ಞಾನ ಕಲಿಸಿದ ಅನುಭವದಿಂದ ಹೇಳುವುದಾದರೆ, ಬೆಳಕು ಆಳಕ್ಕೆ ಹೋದಂತೆ ಘಾತೀಯವಾಗಿ ಕುಗ್ಗುತ್ತದೆ ಎಂಬ ನಿಯಮವನ್ನು ನಾವು ಕಪ್ಪು ಹಲಗೆಯ ಮೇಲೆ ಬರೆದು ಮುಗಿಸುತ್ತೇವೆ. ಅದನ್ನು ಕಾಲೇಜಿನಿಂದ ಕೂಗಳತೆಯಲ್ಲಿರುವ ಹೊಳೆಯಲ್ಲಿ ಅಳೆಯಿಸಿದರೆ ಪಾಠವೂ ಆಯಿತು, ದಾಖಲೆಯೂ ಆಯಿತು.

ವಾರಕ್ಕೊಂದು ದಿನ, ಗೊತ್ತಾದ ಐದಾರು ಜಾಗಗಳಲ್ಲಿ, ಮಳೆಗಾಲದಲ್ಲಿ ಸೇತುವೆ, ಜೆಟ್ಟಿಗಳ ಮೇಲಿನಿಂದ: ತಟ್ಟೆಯ ಆಳ, ನೀರಿನ ಬಣ್ಣ, ಉಪ್ಪಿನ ಪ್ರಮಾಣ, ಒಂದು ಸೀಸೆ ನೀರನ್ನು ಸೋಸಿ ತೂಗಿದ ಮಣ್ಣು. ಸೋಸಿದ ತಿಳಿನೀರು ನೀಲಿ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಪ್ರಯೋಗಾಲಯದ ಸ್ಪೆಕ್ಟ್ರೊಫೋಟೊಮೀಟರಿನಲ್ಲಿ ನೋಡಿದರೆ ಹಳದಿ ದ್ರಾವಣದ ಲೆಕ್ಕವೂ ಸಿಗುತ್ತದೆ. ಮೋಡವಿಲ್ಲದ ದಿನ ಉಪಗ್ರಹ ಹಾಯುವ ಹೊತ್ತಿಗೇ ಅಳೆದರೆ ಸೂತ್ರವನ್ನು ತಾಳೆ ನೋಡಬಹುದು. ಮೋಡವಿದ್ದ ದಿನ ಅಳೆದರೆ ಉಪಗ್ರಹ ಕಾಣದ್ದನ್ನು ನಾವು ಕಂಡಂತಾಯಿತು. ಹೊಳೆಯ ನೀರಿನ ಗಡಿ ಎಲ್ಲಿತ್ತು ಎಂದು ಮೀನುಗಾರರು ಹೇಳುವುದನ್ನೂ ಅದೇ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯಬೇಕು. ಈ ಅಂಕಿಅಂಶ ಯಾವುದೇ ಇಲಾಖೆಯ ಕಪಾಟಿನಲ್ಲಿ ಬೀಗ ಹಾಕಿಸಿಕೊಳ್ಳದೆ ಎಲ್ಲರಿಗೂ ಮುಕ್ತವಾಗಿರಬೇಕು. ಒಂದು ವರ್ಷ ಮಾಡಿ ನಿಲ್ಲಿಸಿದರೆ ಅದು ಪ್ರಾಜೆಕ್ಟ್ ವರದಿಯಾಗುತ್ತದೆ. ಹತ್ತು ವರ್ಷ ಮಾಡಿದರೆ ಸಾಕ್ಷ್ಯವಾಗುತ್ತದೆ.

ಉಪಗ್ರಹವೇ ನೋಡುತ್ತಿರುವಾಗ ಹಗ್ಗ, ತಟ್ಟೆ ಹಿಡಿದು ಹೋಗುವುದೇಕೆ ಎಂದು ಕೇಳುವವರಿದ್ದಾರೆ. ಉಪಗ್ರಹಕ್ಕೆ ಕಣ್ಣಿದೆ ನಿಜ. ಆದರೆ ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ಭಾಷೆಯನ್ನು ಅದಕ್ಕೆ ಕಲಿಸಬೇಕಾದವರು ನಾವು. ಶರಾವತಿಯ ಕೆಸರಿನ ನುಡಿ ಬೇರೆ, ಅಘನಾಶಿನಿಯ ಹಳದಿಯ ನುಡಿ ಬೇರೆ. ಅದನ್ನು ಕಲಿಸದೆ ಪಡೆದ ನಕ್ಷೆಯನ್ನು ನಂಬಿ ತೀರ್ಮಾನ ಕೈಗೊಳ್ಳುವುದು, ನಕ್ಷೆಯೇ ಇಲ್ಲದೆ ಕೈಗೊಳ್ಳುವುದಕ್ಕಿಂತ ಹೆಚ್ಚು ಅಪಾಯಕಾರಿ. ಬಣ್ಣ ಬಣ್ಣದ ಚಿತ್ರಕ್ಕೆ ವಿಜ್ಞಾನದ ಮುದ್ರೆ ಬಿದ್ದಿರುತ್ತದೆ. ಅದನ್ನು ಪ್ರಶ್ನಿಸುವವರು ಕಡಿಮೆ.

ಕಡಲಿನ ಬಣ್ಣ ನೋಡುವ ಮೊದಲ ಉಪಕರಣ ಆಕಾಶಕ್ಕೇರಿದ್ದು 1978ರಲ್ಲಿ. ಲಿಂಗನಮಕ್ಕಿಯಲ್ಲಿ ನೀರು ನಿಂತದ್ದು ಅದಕ್ಕೂ 14 ವರ್ಷ ಮೊದಲು. ಕಟ್ಟೆ ಬರುವ ಮುನ್ನ ಹೊನ್ನಾವರದ ಅಳಿವೆಯ ಬಣ್ಣ ಹೇಗಿತ್ತು ಎಂಬುದಕ್ಕೆ ಯಾವ ಉಪಗ್ರಹದ ಚಿತ್ರವೂ ಸಾಕ್ಷಿ ನುಡಿಯಲಾರದು. ಆ ಪ್ರಶ್ನೆ ಕೈತಪ್ಪಿ ಹೋಗಿದೆ. ಅಘನಾಶಿನಿಯ ವಿಷಯದಲ್ಲಿ ಇನ್ನೂ ಹೋಗಿಲ್ಲ. ಅಲ್ಲಿ ಅಳೆಯಲು ಬೇಕಾದದ್ದು ಒಂದು ಬಿಳಿ ತಟ್ಟೆ, ಗುರುತು ಹಾಕಿದ ಹಗ್ಗ ಮತ್ತು ಪ್ರತಿ ವಾರ ತಪ್ಪದೆ ಹೋಗುವ ನಾಲ್ಕು ಜನ.